ಎಮ್ಮೆಟ್ ಟಿಲ್‌ನ ತಾಯಿಯನ್ನು ರಂಗಕ್ಕೆ ತರುವ ಬಗೆ

ಅಮೆರಿಕದಲ್ಲಿ ಬಿಳಿಯರ ಕೈಯಲ್ಲಿ ಸತ್ತ ಕರಿಯ ಹುಡುಗ ಎಮ್ಮೆಟ್ ಟಿಲ್‌ನ ಕೊಲೆಯನ್ನು ನಾಟಕ ಮಾಡಲು ಹೊರಟ ಹವ್ಯಾಸಿ ತಂಡ ಮೊದಲ ತಾಲೀಮಿನಲ್ಲೇ ಎರಡು ಮಾತು ತೀರ್ಮಾನಿಸಬೇಕು. ಯಾರ ಮುಖಕ್ಕೂ ಕಪ್ಪು ಬಣ್ಣ ಬಳಿಯಕೂಡದು. ಹೊಡೆತ ಬಡಿತವನ್ನು ತೋರಿಸಕೂಡದು. ಮಸಿ ಬಳಿದ ಕೂಡಲೇ ನೋಡುವವರ ಕಣ್ಣು ಬಣ್ಣದ ಮೇಲೆ ನಿಂತುಬಿಡುತ್ತದೆ, ಮನುಷ್ಯ ಮರೆಯಾಗುತ್ತಾನೆ. ಕಲಘಟಗಿ, ಹಳಿಯಾಳದ ಕಡೆ ಆಫ್ರಿಕಾ ಮೂಲದ ಸಿದ್ದಿಗಳು ತಲೆತಲಾಂತರದಿಂದ ಬಾಳುತ್ತಿದ್ದಾರೆ. ಅವರಲ್ಲಿ ನಟರಿದ್ದಾರೆ, ಹೋಗಿ ಕೇಳಿ. ಅವರು ಬರಲಾಗದಿದ್ದರೆ ನಟರು ತಮ್ಮ ಮೈಬಣ್ಣದಲ್ಲೇ ಆಡಲಿ. ಯಾರು ಕುಳಿತುಕೊಳ್ಳಬಹುದು, ಯಾರು ನಿಂತೇ ಇರಬೇಕು, ಯಾರು ಯಾರನ್ನು ಏಕವಚನದಲ್ಲಿ ಕರೆಯಬಹುದು ಎಂಬುದನ್ನು ಬಿಗಿಯಾಗಿ ಕೂರಿಸಿ. ಬಿಳಿಯರು ಯಾರು, ಕರಿಯರು ಯಾರು ಎಂದು ಧಾರವಾಡದ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಲೆಕ್ಕ ನಮ್ಮ ಊರುಗಳಲ್ಲೂ ಇದೆ.

ನಡೆದದ್ದನ್ನು ಬೆಳಕಿನವರೂ ಸೇರಿ ಎಲ್ಲರೂ ತಿಳಿದಿರಬೇಕು. 1955ರ ಆಗಸ್ಟ್‌ನಲ್ಲಿ ಚಿಕಾಗೋದ 14 ವರ್ಷದ ಎಮ್ಮೆಟ್ ದಕ್ಷಿಣದ ಮಿಸಿಸಿಪ್ಪಿ ರಾಜ್ಯದ ನೆಂಟರ ಮನೆಗೆ ಹೋದ. ಅಂಗಡಿಯೊಂದರ ಬಿಳಿಯ ಹೆಂಗಸಿನ ಜೊತೆ ಅಸಭ್ಯವಾಗಿ ನಡೆದುಕೊಂಡನೆಂದು ಅವಳ ಗಂಡನೂ ಅವನ ಮಲ ಅಣ್ಣನೂ ರಾತ್ರೋರಾತ್ರಿ ಎಳೆದೊಯ್ದು ಕೊಂದರು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಫ್ಯಾನನ್ನು ಕುತ್ತಿಗೆಗೆ ಮುಳ್ಳುತಂತಿಯಿಂದ ಕಟ್ಟಿ ನದಿಗೆ ಎಸೆದರು. 12 ಮಂದಿ ಬಿಳಿಯ ಗಂಡಸರ ಜ್ಯೂರಿ ಒಂದು ತಾಸಿಗೆ ತುಸು ಹೆಚ್ಚು ಹೊತ್ತು ಕುಳಿತು ಇಬ್ಬರನ್ನೂ ಬಿಟ್ಟುಬಿಟ್ಟಿತು. ಮರುವರ್ಷ ಅವರೇ ಪತ್ರಿಕೆಯೊಂದರಲ್ಲಿ ಕೊಂದದ್ದನ್ನು ಒಪ್ಪಿಕೊಂಡರು.

ಆ ಫ್ಯಾನ್ ರಂಗದ ಮೇಲೆ ಇರಲೇಬೇಕು. ಥರ್ಮಾಕೋಲಿನಲ್ಲಿ ಮಾಡಬೇಡಿ. ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ ವಿಚಾರಿಸಿ, ಭಾರದ ಕಬ್ಬಿಣದ ಚಕ್ರವೊಂದನ್ನು ತನ್ನಿ. ನಿಜವಾದ ಫ್ಯಾನ್ 30 ಕಿಲೋಗೂ ಹೆಚ್ಚು ತೂಗುತ್ತಿತ್ತು. ಇಬ್ಬರು ಏದುಸಿರು ಬಿಡುತ್ತ ಹೊತ್ತು ತಂದು ಹಲಗೆಯ ಮೇಲೆ ಇಳಿಸಿದಾಗ ಏಳುವ ಸದ್ದು ಯಾವ ಧ್ವನಿಮುದ್ರಣದಲ್ಲೂ ಸಿಗುವುದಿಲ್ಲ. ಹತ್ತಿಯೂ ನಮಗೆ ಹೊರಗಿನದಲ್ಲ. 19ನೇ ಶತಮಾನದಲ್ಲಿ ಅಮೆರಿಕದ ತಳಿಯ ಹತ್ತಿ ಇಲ್ಲಿನ ಎರೆಹೊಲಗಳಲ್ಲಿ ಬೆಳೆದು ‘ಧಾರವಾಡ ಅಮೆರಿಕನ್’ ಎಂದೇ ಮಾರಾಟವಾಗುತ್ತಿತ್ತು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾದಾಗ ಇಲ್ಲಿನ ಹತ್ತಿಗೆ ಬೆಲೆ ಬಂತು. ಸೂತ್ರಧಾರ ಎರಡು ಸಾಲಿನಲ್ಲಿ ಇಷ್ಟು ಹೇಳಿದರೆ ಸಾಕು.

ಹೆಚ್ಚು ತಾಲೀಮು ಬೇಡುವುದು ತಾಯಿ ಮೇಮಿ ಟಿಲ್ ಅವರ ದೃಶ್ಯ. ಮಿಸಿಸಿಪ್ಪಿಯಿಂದ ಬಂದ ಶವಪೆಟ್ಟಿಗೆಯನ್ನು ತೆರೆಯಬಾರದೆಂದು ಕಟ್ಟಪ್ಪಣೆಯಿತ್ತು. ಅವರು ಹಟ ಹಿಡಿದು ತೆರೆಸಿದರು. ಮುಖ ನೋಡುವ ಮೊದಲು ಪಾದದಿಂದ ಶುರುಮಾಡಿ, ಮೊಣಕಾಲು ದಾಟಿ, ಒಂದೊಂದೇ ಅಂಗ ಗುರುತಿಸುತ್ತ ಮೇಲಕ್ಕೆ ಹೋದರು. ಇದನ್ನೇ ಆಡಿಸಿ. ನಮ್ಮ ಕಡೆ ಹೆಣದ ಮುಂದೆ ಹಾಡಿಕೊಂಡು ಅಳುವ ಹೆಂಗಸರು ಸತ್ತವನಿಗೆ ಯಾವ ಪಲ್ಯ ಸೇರುತ್ತಿತ್ತು, ಜಾತ್ರೆಯಿಂದ ಏನು ತಂದಿದ್ದ ಎಂಬುದನ್ನೆಲ್ಲ ಎಣಿಸುತ್ತಾರೆ. ಆ ಎಣಿಕೆ ಬೇಕು, ಎದೆ ಬಡಿದುಕೊಳ್ಳುವುದು ಬೇಡ. ನಮ್ಮ ತಂಡದಲ್ಲಿ ಈ ಪಾತ್ರ ಮಾಡುವವರು ಹೊಲಿಗೆ ಅಂಗಡಿ ನಡೆಸುತ್ತಾರೆ. ಪೆಟ್ಟಿಗೆಯ ಮುಂದೆ ನಿಂತೊಡನೆ ಅವರಿಗೆ ಅಳು ಬರುತ್ತಿತ್ತು. ‘ಅಕ್ಕಾ, ಮಗನ ಅಂಗಿಗೆ ಅಳತೆ ತೆಗೆದುಕೊಳ್ಳಿ’ ಎಂದೆ. ಪೆಟ್ಟಿಗೆಯಲ್ಲಿ ಸುತ್ತಿಟ್ಟ ಕೌದಿಯ ಮೇಲೆ ಅವರ ಗೇಣು ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಸರಿಯುತ್ತ ಬಂದು ಕುತ್ತಿಗೆಯ ಬಳಿ ನಿಂತಿತು. ಮಾತು ಬೇಕಾಗಲಿಲ್ಲ.

ಪೆಟ್ಟಿಗೆಯ ಒಳಗು ಪ್ರೇಕ್ಷಕರಿಗೆ ಕಾಣದಂತೆ ಇಡಿ. ಮೇಮಿ ಅವರು ಮುಚ್ಚಳ ತೆಗೆಸಿ ಸಾವಿರಾರು ಜನರಿಗೆ ಮಗನ ಮುಖ ತೋರಿಸಿದರು, ಆ ಚಿತ್ರ ಅಚ್ಚಾಯಿತು, ದೇಶ ಎಚ್ಚೆತ್ತಿತು. ತೋರಿಸುವ ಹಕ್ಕು ಆ ತಾಯಿಯದು. ನಾವು ಆ ಚಿತ್ರವನ್ನು ಪರದೆಯ ಮೇಲೆ ಬಿಡುವುದನ್ನು ನಾನು ಒಪ್ಪುವುದಿಲ್ಲ.

ನ್ಯಾಯಾಲಯದ ದೃಶ್ಯ ಚಿಕ್ಕದಿರಲಿ. ಹುಡುಗನ ಅಜ್ಜನ ವರಸೆಯ ಮೋಸ್ ರೈಟ್ ಎದ್ದು ನಿಂತು ಕೊಲೆಗಡುಕರತ್ತ ಬೆರಳು ತೋರಿಸಿದರು. ಕರಿಯನೊಬ್ಬ ಅಲ್ಲಿ ಹಾಗೆ ಮಾಡುವುದೆಂದರೆ ಪ್ರಾಣವನ್ನು ಪಣಕ್ಕೆ ಇಟ್ಟಂತೆ. ಆಮೇಲೆ ಅವರು ಆ ರಾಜ್ಯವನ್ನೇ ಬಿಟ್ಟರು. ತೋಳು ನಿಧಾನವಾಗಿ ಮೇಲೇಳಲಿ, ಹಿನ್ನೆಲೆ ಸಂಗೀತ ಬೇಡ.

ಗುಂಪು ಹತ್ಯೆಯನ್ನು ದ್ವೇಷಾಪರಾಧವೆಂದು ಸಾರುವ ಅಮೆರಿಕದ ಕೇಂದ್ರ ಕಾನೂನು ಎಮ್ಮೆಟ್ ಹೆಸರಿನಲ್ಲಿ ಬಂದದ್ದು 2022ರಲ್ಲಿ. ಮೇಮಿ ತೀರಿಕೊಂಡದ್ದು 2003ರಲ್ಲಿ. ಈ ಎರಡು ಸಾಲುಗಳನ್ನು ತಾಯಿಯ ಪಾತ್ರಧಾರಿಗೆ ಕೊಡಬೇಡಿ. ಜ್ಯೂರಿಯಲ್ಲಿ ಕುಳಿತಿದ್ದ ನಟನೊಬ್ಬ ಎದ್ದು ಓದಲಿ.