11ನೆಯ ಟ್ಯೂಬು: ಅಪರಿಚಿತ ಬ್ಯಾಕ್ಟೀರಿಯಾವನ್ನು ನಾನು ಗುರುತಿಸಿದ ಬಗೆ

ಎಂ.ಎಸ್ಸಿ. ಮೊದಲ ವರ್ಷದ ಸೂಕ್ಷ್ಮಜೀವಶಾಸ್ತ್ರ ಪ್ರಯೋಗಾಲಯದಲ್ಲಿ ನಮಗೆಲ್ಲ ಒಂದೊಂದು ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) ಟ್ಯೂಬು ಕೊಟ್ಟು, ಅದರಲ್ಲಿರುವ ಬ್ಯಾಕ್ಟೀರಿಯಾ ಯಾವುದೆಂದು ಹತ್ತು ದಿನಗಳೊಳಗೆ ಆಧಾರಸಹಿತವಾಗಿ ಬರೆದುಕೊಡಬೇಕೆಂದು ಹೇಳಿದ್ದರು. ನನ್ನ ಪಾಲಿಗೆ ಬಂದದ್ದು 11ನೆಯ ಸಂಖ್ಯೆಯ ಟ್ಯೂಬು. ಈಗ ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತಾ ವಿದ್ಯಾರ್ಥಿಗಳಿಗಾಗಿ ಅಂಥ ಟ್ಯೂಬುಗಳನ್ನು ನಾನೇ ಸಿದ್ಧಪಡಿಸುವಾಗಲೆಲ್ಲ ಆ ಹತ್ತು ದಿನಗಳ ಕೆಲಸ ನೆನಪಿಗೆ ಬರುತ್ತದೆ. ಪರೀಕ್ಷೆಗಳನ್ನು ಮಾಡುವ ಕ್ರಮ ಯಾವ ಕೈಪಿಡಿಯಲ್ಲಾದರೂ ಸಿಗುತ್ತದೆ. ಎಲ್ಲ ಪರೀಕ್ಷೆಗಳನ್ನೂ ಸರಿಯಾಗಿಯೇ ಮಾಡಿ ತಪ್ಪು ಹೆಸರಿಗೆ ಹೇಗೆ ತಲುಪಿದೆ, ಅಲ್ಲಿಂದ ಹೇಗೆ ಹಿಂದಿರುಗಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ದಿನ ಬ್ರಾತ್‌ನಿಂದ ಒಂದು ಲೂಪಿನಷ್ಟು ತೆಗೆದು ಸ್ಲೈಡಿನ ಮೇಲೆ ಸ್ಮಿಯರ್ ಮಾಡಿ, ಒಣಗಿಸಿ, ಜ್ವಾಲೆಯ ಮೇಲೆ ಎರಡು ಮೂರು ಬಾರಿ ಹಾಯಿಸಿ ಗ್ರಾಂ ಸ್ಟೇನಿಂಗ್ ಮಾಡಿದೆ. ಬ್ಯಾಕ್ಟೀರಿಯಾಗಳನ್ನು ಬಣ್ಣದಿಂದ ಎರಡು ಗುಂಪಾಗಿ ವಿಂಗಡಿಸುವ ವಿಧಾನವಿದು: ನೇರಳೆ ಉಳಿದರೆ ಗ್ರಾಂ ಪಾಸಿಟಿವ್, ಗುಲಾಬಿಯಾದರೆ ಗ್ರಾಂ ನೆಗೆಟಿವ್. ಕ್ರಿಸ್ಟಲ್ ವಯಲೆಟ್ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ, ಬಳಿಕ ಆಲ್ಕೊಹಾಲ್, ಕೊನೆಗೆ ಸಾಫ್ರನಿನ್. ಇದರಲ್ಲಿ ಕೈ ತಪ್ಪುವುದು ಹೆಚ್ಚಾಗಿ ಆಲ್ಕೊಹಾಲ್ ಹಂತದಲ್ಲಿ: ಸ್ಲೈಡಿನಿಂದ ಇಳಿಯುವ ಹನಿಯಲ್ಲಿ ನೇರಳೆ ಬಣ್ಣ ನಿಂತ ಕ್ಷಣವೇ ನೀರು ಹಾಕದಿದ್ದರೆ ಗ್ರಾಂ ಪಾಸಿಟಿವ್ ಕೋಶಗಳೂ ಬಣ್ಣ ಕಳೆದುಕೊಳ್ಳುತ್ತವೆ. ಕಲ್ಚರ್ ಹಳೆಯದಾಗಿದ್ದರೂ ಹಾಗೆಯೇ ಆಗುವುದರಿಂದ 18ರಿಂದ 24 ಗಂಟೆಯೊಳಗಿನ ಬೆಳವಣಿಗೆಯನ್ನೇ ಬಳಸಬೇಕು. ಅದೇ ಸ್ಲೈಡಿನ ಎರಡು ಬದಿಗಳಲ್ಲಿ ಗೊತ್ತಿರುವ ಸ್ಟ್ಯಾಫಿಲೊಕಾಕಸ್ ಮತ್ತು ಇ. ಕೋಲೈಗಳ ಸ್ಮಿಯರ್ ಇಟ್ಟುಕೊಂಡಿದ್ದರಿಂದ ನನಗೆ ಅನುಮಾನ ಉಳಿಯಲಿಲ್ಲ. ಆಯಿಲ್ ಇಮ್ಮರ್ಶನ್ ಲೆನ್ಸಿನಲ್ಲಿ ಕಂಡದ್ದು ಗುಲಾಬಿ ಬಣ್ಣದ, ಗಿಡ್ಡನೆಯ, ಸ್ವಲ್ಪ ದಪ್ಪನೆಯ ಕಡ್ಡಿಗಳು, ಅಂದರೆ ಗ್ರಾಂ ನೆಗೆಟಿವ್.

ಬ್ರಾತ್‌ನಿಂದ ನ್ಯೂಟ್ರಿಯೆಂಟ್ ಅಗರ್ ಸ್ಲ್ಯಾಂಟಿಗೆ (ಟ್ಯೂಬಿನಲ್ಲಿ ಓರೆಯಾಗಿ ಗಟ್ಟಿಯಾಗಿಸಿದ ಪೋಷಕ ಅಗರ್) ಸಬ್‌ಕಲ್ಚರ್ ಮಾಡಿದ್ದೂ ಅದೇ ದಿನ. ಬೇರೆ ಬೇರೆ ಬ್ಯಾಕ್ಟೀರಿಯಾಗಳ ಕಾಲೊನಿಗಳನ್ನು ಬಣ್ಣ, ರೂಪಗಳಿಂದ ಬೇರ್ಪಡಿಸಿ ತೋರಿಸುವ ಮೆಕಾಂಕಿ ಅಗರ್ ಪ್ಲೇಟಿನ ಮೇಲೆ ಲೂಪಿನಿಂದ ಗೆರೆ ಎಳೆಯುವುದನ್ನು ಸಮಯ ಉಳಿಸಲೆಂದು ಬಿಟ್ಟೆ. ಮುಂದೆ ಆದ ತೊಂದರೆಗೆಲ್ಲ ಅದೇ ಕಾರಣ.

ಎರಡನೆಯ ದಿನ ಆ ಸ್ಲ್ಯಾಂಟಿನಿಂದ, ಬ್ಯಾಕ್ಟೀರಿಯಾದ ಕಿಣ್ವಗಳನ್ನೂ ಅದು ಬಳಸುವ, ಉತ್ಪಾದಿಸುವ ವಸ್ತುಗಳನ್ನೂ ತಿಳಿಸುವ ಪರೀಕ್ಷೆಗಳನ್ನು ಆರಂಭಿಸಿದೆ. ಆಕ್ಸಿಡೇಸ್ ನೆಗೆಟಿವ್ ಬಂದದ್ದರಿಂದ ಸೂಡೊಮೋನಾಸ್ ಕಡೆಗೆ ಹೋಗಬೇಕಾಗಿರಲಿಲ್ಲ. ಕ್ಯಾಟಲೇಸ್ ಪಾಸಿಟಿವ್. ಈ ಎರಡಕ್ಕೂ ನಾನು ಲೂಪಿನ ಬದಲು ಕ್ರಿಮಿಶುದ್ಧ ಮರದ ಕಡ್ಡಿ ಬಳಸಿದ್ದೆ, ಏಕೆಂದರೆ ಕಬ್ಬಿಣದ ಅಂಶವಿರುವ ತಂತಿ ಆಕ್ಸಿಡೇಸ್ ರಾಸಾಯನಿಕವನ್ನು ತಾನೇ ಬಣ್ಣಕ್ಕೆ ತಿರುಗಿಸಬಲ್ಲದು. ಬಳಿಕ ಇಂಡೋಲ್‌ಗೆ ಟ್ರಿಪ್ಟೋನ್ ಬ್ರಾತ್, ಮಿಥೈಲ್ ರೆಡ್ ಮತ್ತು ವೋಗೆಸ್-ಪ್ರಾಸ್ಕವರ್ ಪರೀಕ್ಷೆಗಳಿಗೆ ಗ್ಲೂಕೋಸ್ ಫಾಸ್ಫೇಟ್ ಬ್ರಾತ್, ಸಿಮನ್ಸ್ ಸಿಟ್ರೇಟ್, ಟ್ರಿಪಲ್ ಶುಗರ್ ಐರನ್ ಅಗರ್, ಯೂರಿಯಾ ಸ್ಲ್ಯಾಂಟು, ಚಲನೆ ನೋಡಲು ಅರೆಗಟ್ಟಿ ಅಗರ್ ಇವೆಲ್ಲಕ್ಕೂ ಕಲ್ಚರ್ ಹಾಕಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟೆ.

ಮರುದಿನ ಟ್ರಿಪಲ್ ಶುಗರ್ ಟ್ಯೂಬು ಮೇಲೂ ಕೆಳಗೂ ಹಳದಿಯಾಗಿ, ಅಗರ್ ಅನಿಲದಿಂದ ಸೀಳಿತ್ತು, ಕಪ್ಪು ಬಣ್ಣವಿರಲಿಲ್ಲ. ಸಿಟ್ರೇಟ್ ಹಸಿರಿನಿಂದ ಗಾಢ ನೀಲಿಗೆ ತಿರುಗಿತ್ತು. ಕೋವಾಕ್ಸ್ ದ್ರಾವಣದ ಕೆಲವು ಹನಿ ಹಾಕಿದೊಡನೆ ಇಂಡೋಲ್ ಟ್ಯೂಬಿನ ಮೇಲ್ಭಾಗದಲ್ಲಿ ಕೆಂಪು ಉಂಗುರ ಎದ್ದಿತು. ನಾಲ್ಕನೆಯ ದಿನ, ಸರಿಯಾಗಿ 48 ಗಂಟೆ ಕಳೆದ ಮೇಲೆ, ಗ್ಲೂಕೋಸ್ ಫಾಸ್ಫೇಟ್ ಬ್ರಾತ್‌ನಿಂದ 1 ಮಿಲಿಲೀಟರ್ ತೆಗೆದು ಮೊದಲು 0.6 ಮಿ.ಲೀ. ಆಲ್ಫಾ ನ್ಯಾಫ್ಥಾಲ್, ಆಮೇಲೆ 0.2 ಮಿ.ಲೀ. 40 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ, ಚೆನ್ನಾಗಿ ಅಲುಗಾಡಿಸಿ, ಗಾಳಿ ತಾಗುವಂತೆ ಟ್ಯೂಬನ್ನು ವಾಲಿಸಿಟ್ಟೆ. ಹದಿನೈದು ನಿಮಿಷಗಳಲ್ಲಿ ಗುಲಾಬಿ ಬಣ್ಣ ಮೂಡಿತು. ಉಳಿದ ಬ್ರಾತ್‌ಗೆ ಮಿಥೈಲ್ ರೆಡ್ ಹಾಕಿದಾಗ ಬಂದದ್ದು ಕೆಂಪೂ ಅಲ್ಲ, ಹಳದಿಯೂ ಅಲ್ಲ, ಕಿತ್ತಳೆ. ಅದನ್ನು ನಾನು 'ನೆಗೆಟಿವ್, ಸ್ವಲ್ಪ ಸಂದೇಹ' ಎಂದು ಬರೆದುಕೊಂಡೆ.

ಇಂಡೋಲ್ ಪಾಸಿಟಿವ್, ವೋಗೆಸ್-ಪ್ರಾಸ್ಕವರ್ ಪಾಸಿಟಿವ್, ಸಿಟ್ರೇಟ್ ಪಾಸಿಟಿವ್, ಯೂರಿಯೇಸ್ ನಿಧಾನವಾಗಿ ಪಾಸಿಟಿವ್. ಬ್ಯಾಕ್ಟೀರಿಯಾಗಳನ್ನು ಗುರುತಿಸಲು ಬಳಸುವ ಬರ್ಜಿ ಕೈಪಿಡಿಯ 1994ರ ಒಂಬತ್ತನೆಯ ಆವೃತ್ತಿ ನಮ್ಮ ವಿಭಾಗದ ಗ್ರಂಥಾಲಯದಲ್ಲಿತ್ತು. ಅದರ ಪಟ್ಟಿಗಳೊಂದಿಗೆ ಹೋಲಿಸಿದಾಗ ಈ ಗುಣಗಳು ಕ್ಲೆಬ್ಸಿಯೆಲ್ಲಾ ಆಕ್ಸಿಟೋಕಾಕ್ಕೆ ಹೊಂದಿದವು. ಹೆಸರು ಬರೆದು ವರದಿಯ ಕರಡನ್ನೂ ಸಿದ್ಧಪಡಿಸಿದೆ. ಚಲನೆಯ ಟ್ಯೂಬೊಂದು ಮಾತ್ರ ಹೊಂದಿಕೊಳ್ಳಲಿಲ್ಲ: ಚುಚ್ಚಿದ ಗೆರೆಯ ಸುತ್ತ ಇಡೀ ಅಗರ್ ಮಸುಕಾಗಿತ್ತು, ಅಂದರೆ ಬ್ಯಾಕ್ಟೀರಿಯಾ ಚಲಿಸುತ್ತಿತ್ತು. ಕ್ಲೆಬ್ಸಿಯೆಲ್ಲಾ ಆಕ್ಸಿಟೋಕಾ ಚಲಿಸುವುದಿಲ್ಲ. ಸೂಜಿ ಅಲುಗಾಡಿರಬಹುದೆಂದು ಸಮಾಧಾನ ಮಾಡಿಕೊಂಡು ಕರಡನ್ನು ನಮ್ಮ ಮೇಡಂಗೆ ತೋರಿಸಿದೆ. ಅವರು ಓದಿ, "ಎಲ್ಲಾ ಸರಿಯಮ್ಮಾ, ನಿನ್ನ ಮೆಕಾಂಕಿ ಪ್ಲೇಟ್ ಎಲ್ಲಿ?" ಎಂದರು. ನನ್ನ ಬಳಿ ಪ್ಲೇಟ್ ಇರಲಿಲ್ಲ.

ಅಂದು ಸಂಜೆಯೇ ಎರಡು ಮೆಕಾಂಕಿ ಪ್ಲೇಟುಗಳನ್ನು ತೆಗೆದುಕೊಂಡು, ಒಂದರ ಮೇಲೆ ನನ್ನ ಸ್ಲ್ಯಾಂಟಿನಿಂದ, ಇನ್ನೊಂದರ ಮೇಲೆ ಫ್ರಿಜ್ಜಿನಲ್ಲಿ ಇಟ್ಟಿದ್ದ ಮೂಲ ಬ್ರಾತ್‌ನಿಂದ ಎಳೆದೆ. ನಾಲ್ಕು ಭಾಗಗಳಾಗಿ, ಪ್ರತಿ ಭಾಗಕ್ಕೂ ಮೊದಲು ಲೂಪನ್ನು ಕೆಂಪಗೆ ಕಾಯಿಸಿ, ಆರಿಸಿ. ಬೆಳಿಗ್ಗೆ ಇನ್ಕ್ಯುಬೇಟರ್ ತೆರೆದಾಗ ಮೂಲ ಬ್ರಾತ್‌ನ ಪ್ಲೇಟಿನಲ್ಲಿ ಒಂದೇ ಬಗೆಯ ಕಾಲೊನಿಗಳಿದ್ದವು: ದೊಡ್ಡವು, ಗುಮ್ಮಟದಂತೆ ಉಬ್ಬಿದವು, ತಿಳಿ ಗುಲಾಬಿ, ಗಂಜಿಯಂತೆ ಹೊಳೆಯುವ ಲೋಳೆಯವು. ಲೂಪ್ ತಾಗಿಸಿ ಎತ್ತಿದರೆ ಹಲಸಿನ ಮೇಣದಂತೆ ಎಳೆ ಬರುತ್ತಿತ್ತು. ಸ್ಲ್ಯಾಂಟಿನ ಪ್ಲೇಟಿನಲ್ಲಿ ಇವುಗಳ ನಡುನಡುವೆ ಚಪ್ಪಟೆಯಾದ, ಒಣಗಿದಂತಿರುವ, ಗಾಢ ಗುಲಾಬಿ ಕಾಲೊನಿಗಳೂ ಇದ್ದು, ಅವುಗಳ ಸುತ್ತ ಪಿತ್ತ ಲವಣ ಗಟ್ಟಿಯಾದ ಮಸುಕು ವಲಯ ಕಾಣುತ್ತಿತ್ತು. ಅದು ಇ. ಕೋಲೈ. ನಾನೇ ಕಂಟ್ರೋಲ್ ಆಗಿ ಬಳಸುತ್ತಿದ್ದ ಕಲ್ಚರ್, ಸರಿಯಾಗಿ ಕಾಯದ ಲೂಪಿನ ಮೂಲಕ ಮೊದಲ ದಿನವೇ ನನ್ನ ಸ್ಲ್ಯಾಂಟಿಗೆ ಸೇರಿತ್ತು.

ಆಗ ಎಲ್ಲವೂ ಅರ್ಥವಾಯಿತು. ಇಂಡೋಲ್ ಬಂದದ್ದು ಇ. ಕೋಲೈಯಿಂದ, ಚಲನೆಯೂ ಅದರದ್ದೇ. ಸಿಟ್ರೇಟ್, ಯೂರಿಯೇಸ್, ವೋಗೆಸ್-ಪ್ರಾಸ್ಕವರ್‌ಗಳು ಇನ್ನೊಂದರವು, ಅಂದರೆ ಮೂಲ ಬ್ರಾತ್‌ನಲ್ಲಿದ್ದ ಲೋಳೆ ಕಾಲೊನಿಯ ಕ್ಲೆಬ್ಸಿಯೆಲ್ಲಾದವು. ಇ. ಕೋಲೈ ಗ್ಲೂಕೋಸಿನಿಂದ ಆಮ್ಲಗಳನ್ನು ಉಳಿಸಿ ಬ್ರಾತ್‌ನ ಪಿಎಚ್ ಅನ್ನು 4.4ಕ್ಕಿಂತ ಕೆಳಗಿಳಿಸುತ್ತದೆ, ಕ್ಲೆಬ್ಸಿಯೆಲ್ಲಾ ಹೆಚ್ಚಿನ ಭಾಗವನ್ನು ಅಸಿಟೋಯಿನ್ ಎಂಬ ತಟಸ್ಥ ವಸ್ತುವಾಗಿ ಮಾಡುತ್ತದೆ. ಎರಡೂ ಒಂದೇ ಟ್ಯೂಬಿನಲ್ಲಿದ್ದಾಗ ಕಿತ್ತಳೆ ಬಣ್ಣವಲ್ಲದೆ ಬೇರೇನು ಬರಬೇಕಿತ್ತು! ಎರಡೂ ಗ್ರಾಂ ನೆಗೆಟಿವ್ ಕಡ್ಡಿಗಳಾದ್ದರಿಂದ ಸ್ಲ್ಯಾಂಟಿನಿಂದ ಮತ್ತೊಂದು ಸ್ಮಿಯರ್ ಮಾಡಿ ನೋಡಿದ್ದರೂ ಬೆರಕೆ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಎರಡು ಬ್ಯಾಕ್ಟೀರಿಯಾಗಳು ಸೇರಿ, ನಿಜವಾಗಿಯೂ ಇರುವ ಮೂರನೆಯ ಒಂದರ ಲಕ್ಷಣಗಳನ್ನು ತೋರಿಸಿದ್ದು ಇಂದಿಗೂ ನನಗೆ ಬೆರಗಿನ ಸಂಗತಿ. ಕಿತ್ತಳೆ ಬಣ್ಣವೂ ಮಸುಕಾದ ಅಗರ್ ಕೂಡ ಅದನ್ನು ಮೊದಲೇ ಹೇಳಿದ್ದವು. ಸಂದೇಹ ಎಂದು ಬರೆದುಕೊಂಡೂ ಆ ಸಂದೇಹವನ್ನು ನಾನು ಹಿಂಬಾಲಿಸಿರಲಿಲ್ಲ.

ಮೂಲ ಬ್ರಾತ್‌ನ ಪ್ಲೇಟಿನಿಂದ ಒಂಟಿಯಾಗಿ ನಿಂತ ಒಂದು ಲೋಳೆ ಕಾಲೊನಿಯನ್ನು ಆರಿಸಿ, ಇನ್ನೊಮ್ಮೆ ಪ್ಲೇಟಿನ ಮೇಲೆ ಎಳೆದು, ಶುದ್ಧವೆಂದು ಖಚಿತವಾದ ಮೇಲೆ ಆರನೆಯ ದಿನ ಎಲ್ಲ ಪರೀಕ್ಷೆಗಳನ್ನೂ ಹೊಸದಾಗಿ ಹಾಕಿದೆ. ಈ ಸಲ ಇಂಡೋಲ್ ಉಂಗುರ ಹಳದಿಯಾಗಿಯೇ ಉಳಿಯಿತು, ಮಿಥೈಲ್ ರೆಡ್ ಸ್ಪಷ್ಟ ಹಳದಿ, ವೋಗೆಸ್-ಪ್ರಾಸ್ಕವರ್ ಮತ್ತು ಸಿಟ್ರೇಟ್ ಪಾಸಿಟಿವ್. ಅರೆಗಟ್ಟಿ ಅಗರ್‌ನಲ್ಲಿ ಬೆಳವಣಿಗೆ ಚುಚ್ಚಿದ ಗೆರೆಯನ್ನು ಬಿಟ್ಟು ಒಂದಿಷ್ಟೂ ಹರಡಿರಲಿಲ್ಲ. ಇಂಡಿಯಾ ಇಂಕ್ ಬೆರೆಸಿ ನೋಡಿದಾಗ ಕಪ್ಪು ಹಿನ್ನೆಲೆಯಲ್ಲಿ ಪ್ರತಿ ಕಡ್ಡಿಯ ಸುತ್ತಲೂ ಅಗಲವಾದ ಬಿಳಿ ವಲಯ, ಅಂದರೆ ಕ್ಯಾಪ್ಸೂಲ್, ಎದ್ದು ಕಾಣುತ್ತಿತ್ತು. ಇವೆಲ್ಲ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ಎಂಬ ಬ್ಯಾಕ್ಟೀರಿಯಾದ ಲಕ್ಷಣಗಳು. 1882ರಲ್ಲಿ ನ್ಯುಮೋನಿಯಾ ರೋಗಿಗಳ ಶ್ವಾಸಕೋಶದಲ್ಲಿ ಇದನ್ನು ವಿವರಿಸಿದವರು ಬರ್ಲಿನ್ನಿನ ಕಾರ್ಲ್ ಫ್ರೀಡ್‌ಲ್ಯಾಂಡರ್. ಅವರ ಜೊತೆ ಕೆಲಸ ಮಾಡುತ್ತಿದ್ದಾಗಲೇ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ತಮ್ಮ ಸ್ಟೇನಿಂಗ್ ವಿಧಾನವನ್ನು ಪ್ರಕಟಿಸಿದರು. ನಾನು ಮೊದಲ ದಿನ ಮಾಡಿದ ಪರೀಕ್ಷೆಗೂ ಕೊನೆಯಲ್ಲಿ ಕಂಡ ಬ್ಯಾಕ್ಟೀರಿಯಾಕ್ಕೂ ಒಂದೇ ಪ್ರಯೋಗಾಲಯದ ನಂಟಿದೆ ಎಂದು ತಿಳಿದಾಗ ಬಹಳ ಸಂತೋಷವಾಗಿತ್ತು.

ಉಳಿದ ಪ್ರಶ್ನೆ ಒಂದೇ. ಎಂಟೆರೊಬ್ಯಾಕ್ಟರ್ ಏರೋಜೀನ್ಸ್ ಕೂಡ ಇಂಡೋಲ್, ಮಿಥೈಲ್ ರೆಡ್, ವೋಗೆಸ್-ಪ್ರಾಸ್ಕವರ್, ಸಿಟ್ರೇಟ್ ಈ ನಾಲ್ಕು ಪರೀಕ್ಷೆಗಳಲ್ಲಿ ಇದೇ ಫಲಿತಾಂಶ ಕೊಡುತ್ತದೆ. 2017ರಿಂದ ಅದನ್ನೂ ಕ್ಲೆಬ್ಸಿಯೆಲ್ಲಾ ಏರೋಜೀನ್ಸ್ ಎಂದೇ ಕರೆಯುತ್ತಾರೆ. ಅದು ಚಲಿಸುತ್ತದೆ, ಯೂರಿಯಾವನ್ನು ಒಡೆಯುವುದಿಲ್ಲ, ಆರ್ನಿಥಿನ್ ಅನ್ನು ಒಡೆಯುತ್ತದೆ. ಒಮ್ಮೆ ಎಡವಿದ್ದ ನನಗೆ ಚಲನೆ ಮತ್ತು ಯೂರಿಯೇಸ್‌ಗಳಿಂದಷ್ಟೇ ತೃಪ್ತಿಯಾಗದೆ, ಆರ್ನಿಥಿನ್ ಬ್ರಾತ್‌ಗೂ ಕಲ್ಚರ್ ಹಾಕಿ, ಮೇಲೆ ಕ್ರಿಮಿಶುದ್ಧ ಖನಿಜ ಎಣ್ಣೆಯ ಪದರ ಹರಡಿ ಇಟ್ಟಿದ್ದೆ. ಗ್ಲೂಕೋಸ್ ಹುದುಗುವುದರಿಂದ ಈ ಬ್ರಾತ್ ಮೊದಲು ಎಲ್ಲದರಲ್ಲೂ ಹಳದಿಯಾಗುತ್ತದೆ. ಆರ್ನಿಥಿನ್ ಒಡೆದರೆ ಮಾತ್ರ ಮತ್ತೆ ನೇರಳೆಗೆ ಮರಳುತ್ತದೆ. ಹಾಗಾಗಿ ನಾಲ್ಕು ದಿನ ಕಾಯಬೇಕು. ಹತ್ತನೆಯ ದಿನ ಬೆಳಿಗ್ಗೆಯೂ ನನ್ನ ಟ್ಯೂಬು ಹಳದಿಯಾಗಿಯೇ ಇತ್ತು. ವರದಿಯಲ್ಲಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ಎಂದು ಬರೆದು, ಆಕ್ಸಿಟೋಕಾ ಎಂದಿದ್ದ ಹಳೆಯ ಕರಡನ್ನೂ ಅದರ ಹಿಂದೆಯೇ ಪಿನ್ ಮಾಡಿ ಮೇಡಂ ಮೇಜಿನ ಮೇಲಿಟ್ಟೆ.