ಶಾಲೆ ಹುಡುಕುವಾಗ ಹಿಂದಿನ ಬೆಂಚು ನೋಡಿ

ಶಾಲೆಯ ಜಾಹೀರಾತಿನಲ್ಲಿ ಯಾರ ಫೋಟೊ ಇರುತ್ತದೆ? ಅತಿ ಹೆಚ್ಚು ಅಂಕ ತೆಗೆದ ಐದಾರು ಮಕ್ಕಳದ್ದು. ಅದನ್ನು ನೋಡಿ, ನಮ್ಮ ಮಗುವೂ ಅಲ್ಲಿ ಸೇರಿದರೆ ಹಾಗೇ ಆಗುತ್ತದೆ ಅಂದುಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡು ದೊಡ್ಡ ಮಗಳನ್ನು ಅಂಥದ್ದೇ ಒಂದು ಶಾಲೆಗೆ ಸೇರಿಸಿದೆ. ಒಂದೂವರೆ ವರ್ಷ ಕಳೆದ ಮೇಲೆ ಒಂದು ದಿನ ಅವಳ ಗಣಿತದ ನೋಟ್‌ಬುಕ್ ತೆರೆದರೆ ಎಲ್ಲ ಲೆಕ್ಕವೂ ಸರಿ, ಎಲ್ಲವೂ ಬೋರ್ಡಿನಿಂದ ಇಳಿಸಿಕೊಂಡದ್ದು. ಒಂದನ್ನೂ ಅವಳು ತಾನಾಗಿ ಮಾಡಿರಲಿಲ್ಲ. ಕೇಳಿದ್ದಕ್ಕೆ, "ಅಮ್ಮಾ, ಗೊತ್ತಿರೋರು ಮುಂದೆ ಕೂರ್ತಾರೆ, ನಾನು ಹಿಂದೆ ಕೂರ್ತೀನಿ" ಅಂದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಅವಳಿಗೆ ಬೇರೆ ಶಾಲೆ, ಚಿಕ್ಕವನಿಗೆ ಶಾಲೆ, ಈಗ ಕಾಲೇಜು ಅಂತ ಹುಡುಕುತ್ತಲೇ ಇದ್ದೇನೆ. ಎಲ್ಲೇ ಹೋದರೂ ಒಂದೇ ವಿಷಯ ನೋಡುತ್ತೇನೆ. ನಡುಮಟ್ಟದ ಮಗು, ಹಿಂದೆ ಬಿದ್ದ ಮಗು ಇಲ್ಲಿ ಏನಾಗುತ್ತದೆ? ಚೆನ್ನಾಗಿ ಓದುವ ಮಗು ಎಲ್ಲಿದ್ದರೂ ಒಂದಷ್ಟು ಓದಿಕೊಳ್ಳುತ್ತದೆ. ಶಾಲೆಯ ಕೈಗುಣ ಗೊತ್ತಾಗುವುದು ಉಳಿದ ಮಕ್ಕಳಲ್ಲಿ.

ಮೊದಲ ಹೆಜ್ಜೆ: ಶಾಲೆಗಿಂತ ಮುಂಚೆ ಮಗುವನ್ನು ನೋಡಿ

ಒಂದು ಹಾಳೆ ತೆಗೆದುಕೊಳ್ಳಿ. ಮಗುವಿನ ಬಗ್ಗೆ ನಿಮಗೆ ಗೊತ್ತಿರುವುದನ್ನು ಬರೆಯಿರಿ. ಹೊಸಬರ ಮುಂದೆ ಮಾತಾಡುತ್ತದಾ? ಓದಲು ತಡಕಾಡುತ್ತದಾ? ಒಂದು ಕಡೆ ಕೂರಲು ಕಷ್ಟವಾ? ಯಾವ ಕೆಲಸದಲ್ಲಿ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ? ಇದಾದ ಮೇಲೆ, 'ಇದಿಲ್ಲದಿದ್ದರೆ ಆಗುವುದೇ ಇಲ್ಲ' ಅನ್ನುವ ಮೂರು ವಿಷಯ ಆರಿಸಿ. ಮೂರೇ ಸಾಕು. ಹತ್ತು ಬರೆದರೆ ಯಾವ ಶಾಲೆಯೂ ಸಿಗುವುದಿಲ್ಲ.

ಚಿಕ್ಕ ಮಕ್ಕಳಾದರೆ ಭಾಷೆಯ ಬಗ್ಗೆ ಯೋಚಿಸಲೇಬೇಕು. ಮಗು ಮನೆಯಲ್ಲಿ ಆಡುವ ಭಾಷೆಯಲ್ಲೇ ಕಲಿಕೆ ಶುರುವಾದರೆ ಒಳ್ಳೆಯದು ಅಂತ ಯುನೆಸ್ಕೊ 1953ರ ವರದಿಯಲ್ಲೇ ಹೇಳಿದೆ. ಬೇರೆ ಮಾಧ್ಯಮದ ಶಾಲೆಯನ್ನೇ ಆರಿಸುತ್ತೀರಾ, ಆಗಲಿ. ಆದರೆ ಮಗುವಿಗೆ ಅರ್ಥವಾಗದಿದ್ದಾಗ ಟೀಚರ್ ಅದರ ಭಾಷೆಯಲ್ಲಿ ವಿವರಿಸುತ್ತಾರಾ, ಅಥವಾ ಆ ಭಾಷೆ ಆಡಿದ್ದಕ್ಕೆ ಗದರುತ್ತಾರಾ ಅಂತ ಕೇಳಿ ತಿಳಿದುಕೊಳ್ಳಿ. ಗದರುವ ಕಡೆ ಮಗು ಪ್ರಶ್ನೆ ಕೇಳುವುದನ್ನೇ ಬಿಟ್ಟುಬಿಡುತ್ತದೆ.

ಇನ್ನೊಂದು ಮಾತು. ನಾಲ್ಕು ವರ್ಷಕ್ಕೆ ಅಕ್ಷರ ಬರೆಸುತ್ತೇವೆ, ಐದಕ್ಕೆ ಮಗ್ಗಿ ಹೇಳಿಸುತ್ತೇವೆ ಅನ್ನುವ ಶಾಲೆ ಮುಂದಿದೆ ಅಂತ ಅಂದುಕೊಳ್ಳಬೇಡಿ. ಫಿನ್‌ಲ್ಯಾಂಡಿನಲ್ಲಿ ಮಕ್ಕಳು ಒಂದನೇ ತರಗತಿಗೆ ಸೇರುವುದೇ 7ನೇ ವಯಸ್ಸಿಗೆ. ಪೀಸಾ ಅನ್ನುವ ಅಂತರರಾಷ್ಟ್ರೀಯ ಪರೀಕ್ಷೆ 2000ದಲ್ಲಿ ಮೊದಲ ಸಲ ನಡೆದಾಗ ಓದುವ ಸಾಮರ್ಥ್ಯದಲ್ಲಿ ಮೊದಲು ಬಂದದ್ದು ಅದೇ ದೇಶದ 15ರ ಮಕ್ಕಳು. ಬೇಗ ಶುರು ಮಾಡಿದ್ದಕ್ಕೇ ಬೇಗ ತಲುಪುತ್ತಾರೆ ಅನ್ನುವ ನಿಯಮ ಏನೂ ಇಲ್ಲ.

ಎರಡನೇ ಹೆಜ್ಜೆ: ದೂರವನ್ನು ಗಂಟೆಯಲ್ಲಿ ಲೆಕ್ಕ ಹಾಕಿ

ಇದು ಸಣ್ಣ ಲೆಕ್ಕ, ಆದರೆ ಬಹಳ ಜನ ಹಾಕುವುದಿಲ್ಲ. ಹೋಗಲು 45 ನಿಮಿಷ, ಬರಲು 45 ನಿಮಿಷ. ದಿನಕ್ಕೆ ಒಂದೂವರೆ ಗಂಟೆ. ವರ್ಷಕ್ಕೆ 200 ದಿನ ಶಾಲೆ ಅಂದರೆ 300 ಗಂಟೆ ದಾರಿಯಲ್ಲೇ ಹೋಯಿತು. ಅದು ಆಟದಿಂದಲೋ ನಿದ್ದೆಯಿಂದಲೋ ಕಳೆದುಹೋಗುವ ಹೊತ್ತು. ಹದಿಹರೆಯದಲ್ಲಿ ದೇಹಕ್ಕೆ ನಿದ್ದೆ ಬರುವ ಹೊತ್ತೇ ತಡವಾಗುತ್ತದೆ, ಅದು ಸೋಮಾರಿತನ ಅಲ್ಲ. ದೊಡ್ಡ ಮಕ್ಕಳ ಶಾಲೆಗಳು ಬೆಳಗ್ಗೆ 8.30ಕ್ಕಿಂತ ಮುಂಚೆ ಶುರುವಾಗಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿ ಹೇಳಿದ್ದು ಇದೇ ಕಾರಣಕ್ಕೆ. ಹತ್ತಿರದ ಸಾಧಾರಣ ಶಾಲೆ ಮತ್ತು ದೂರದ ಸ್ವಲ್ಪ ಒಳ್ಳೆಯ ಶಾಲೆ, ಎರಡರ ನಡುವೆ ನಾನಂತೂ ಹತ್ತಿರದ್ದನ್ನೇ ಆರಿಸುತ್ತೇನೆ.

ಮೂರನೇ ಹೆಜ್ಜೆ: ರಿಸಲ್ಟನ್ನು ಬಿಡಿಸಿ ಓದಿ

ನೂರಕ್ಕೆ ನೂರು ಫಲಿತಾಂಶ ಅಂದಾಗ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಕೊನೆಯ ಪರೀಕ್ಷೆಗೆ ಎಷ್ಟು ಮಕ್ಕಳು ಕೂತರು? ಅದೇ ಬ್ಯಾಚಿನಲ್ಲಿ ಮೂರು ವರ್ಷದ ಹಿಂದೆ ಎಷ್ಟು ಜನ ಇದ್ದರು? ನಡುವೆ ಹೋದವರು ಯಾಕೆ ಹೋದರು? ಕಡಿಮೆ ಅಂಕದ ಮಕ್ಕಳನ್ನು ಕೊನೆಯ ವರ್ಷಕ್ಕೆ ಮುಂಚೆ ಹೊರಗೆ ಕಳಿಸಿದರೆ ಫಲಿತಾಂಶ ತಾನಾಗಿಯೇ ಚೆನ್ನಾಗಿ ಕಾಣುತ್ತದೆ. ಸೇರುವಾಗಲೇ ಪರೀಕ್ಷೆ ಇಟ್ಟು ಜಾಣ ಮಕ್ಕಳನ್ನಷ್ಟೇ ಆರಿಸಿಕೊಂಡರೂ ಅಷ್ಟೇ. ಅಲ್ಲಿ ಶಾಲೆ ಎಷ್ಟು ಕಲಿಸಿತು ಅನ್ನುವುದು ನಮಗೆ ಗೊತ್ತೇ ಆಗುವುದಿಲ್ಲ.

ಅಮೆರಿಕದಲ್ಲಿ 1966ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ ಮತ್ತು ಅವರ ತಂಡ ಲಕ್ಷಾಂತರ ಮಕ್ಕಳ ಮಾಹಿತಿ ಕಲೆಹಾಕಿ ಒಂದು ವರದಿ ಕೊಟ್ಟಿತು. ಮಕ್ಕಳ ಅಂಕಗಳಲ್ಲಿ ಕಾಣುವ ವ್ಯತ್ಯಾಸಕ್ಕೆ ಶಾಲೆಯ ಕಟ್ಟಡ, ಸೌಲಭ್ಯಗಳಿಗಿಂತ ಮನೆಯ ಹಿನ್ನೆಲೆಯೇ ಜಾಸ್ತಿ ಕಾರಣ ಅಂತ ಅದರಲ್ಲಿ ಬಂತು. ಆ ವರದಿಯ ಮೇಲೆ ಆಮೇಲೆ ಬಹಳ ಚರ್ಚೆ ನಡೆಯಿತು, ಆದರೂ ಬರೀ ಅಂಕ ನೋಡಿ ಶಾಲೆಯನ್ನು ಅಳೆಯುವುದು ತಪ್ಪು ಅನ್ನುವುದು ಅಲ್ಲಿಂದ ಬಹಳ ಜನಕ್ಕೆ ಹೊಳೆಯಿತು. ಇಂಗ್ಲೆಂಡ್ 2016ರಿಂದ 'ಪ್ರೋಗ್ರೆಸ್ 8' ಅನ್ನುವ ಅಳತೆ ತಂದಿತು. 11ನೇ ವಯಸ್ಸಿನಲ್ಲಿ ಒಂದೇ ಮಟ್ಟದಲ್ಲಿದ್ದ ಮಕ್ಕಳು 16ಕ್ಕೆ ಬರುವಷ್ಟರಲ್ಲಿ ಯಾವ ಶಾಲೆಯಲ್ಲಿ ಎಷ್ಟು ಮುಂದೆ ಹೋದರು ಅಂತ ಅದು ನೋಡುತ್ತದೆ. ಅಂಥ ಅಳತೆ ಸಿಗದ ಕಡೆ ನಾವೇ ಕೇಳಬೇಕು. "50 ಅಂಕದಲ್ಲಿದ್ದು 65ಕ್ಕೆ ಬಂದ ಮಕ್ಕಳು ಯಾರಾದರೂ ಇದ್ದಾರಾ, ಅವರ ಜೊತೆ ಏನು ಮಾಡಿದಿರಿ?" ಅಂತ ಕೇಳಿ ನೋಡಿ. ಕೆಲಸ ಮಾಡುವ ಟೀಚರ್ ಮುಖ ಅರಳುತ್ತದೆ, ಅವರು ಹತ್ತು ನಿಮಿಷ ಮಾತಾಡುತ್ತಾರೆ.

ನಾಲ್ಕನೇ ಹೆಜ್ಜೆ: ಮಾಮೂಲಿ ದಿನದಲ್ಲಿ ಹೋಗಿ

ಪೋಷಕರಿಗೆ ಅಂತಲೇ ಶಾಲೆ ತೆರೆದಿಡುವ ದಿನ ಹೋದರೆ ಸಾಲದು. ಅವತ್ತು ಎಲ್ಲವೂ ಸಿದ್ಧವಾಗಿರುತ್ತದೆ. ಅನುಮತಿ ಕೇಳಿ, ಒಂದು ಸಾಧಾರಣ ದಿನ, ಆಟದ ವಿರಾಮಕ್ಕೆ ಸ್ವಲ್ಪ ಮುಂಚೆ ಹೋಗಿ.

ಮೊದಲು ಮಕ್ಕಳ ಶೌಚಾಲಯ ನೋಡಿ, ಅತಿಥಿಗಳದ್ದಲ್ಲ. ಬಾಗಿಲಿಗೆ ಚಿಲಕ ಇದೆಯಾ, ನೀರು ಬರುತ್ತದಾ? ಕೊಳಕು ಶೌಚಾಲಯಕ್ಕೆ ಹೆದರಿ ಎಷ್ಟೋ ಮಕ್ಕಳು ಇಡೀ ದಿನ ನೀರೇ ಕುಡಿಯುವುದಿಲ್ಲ. ಗ್ರಂಥಾಲಯದಲ್ಲಿ ಪುಸ್ತಕ ಎಷ್ಟಿವೆ ಅಂತ ಎಣಿಸಬೇಡಿ, ಅಂಚು ಸವೆದಿದೆಯಾ ನೋಡಿ. ಸವೆದಿದ್ದರೆ ಮಕ್ಕಳು ಓದುತ್ತಾರೆ ಅಂತ. ವಿರಾಮದಲ್ಲಿ ಮೈದಾನದ ಬದಿಯಲ್ಲಿ ಐದು ನಿಮಿಷ ಸುಮ್ನೆ ನಿಲ್ಲಿ. ಒಂಟಿಯಾಗಿ ನಿಂತ ಮಗುವಿನ ಹತ್ತಿರ ಯಾರಾದರೂ ದೊಡ್ಡವರು ಹೋಗುತ್ತಾರಾ?

ಆಮೇಲೆ ನೋಟ್‌ಬುಕ್ ಕೇಳಿ. ಅವರು ಆರಿಸಿ ಕೊಡುವುದನ್ನು ಬಿಟ್ಟು, ಹಿಂದಿನ ಸಾಲಿನಿಂದ ಯಾವುದಾದರೂ ಒಂದು ಕೇಳಿ. ನಾನು ನೋಡುವುದು ತಪ್ಪುಗಳನ್ನು. ತಪ್ಪೇ ಇಲ್ಲದ ನೋಟ್‌ಬುಕ್ ನನಗೆ ಭಯ ಹುಟ್ಟಿಸುತ್ತದೆ, ನನ್ನ ಮಗಳದ್ದೂ ಹಾಗೇ ಇತ್ತಲ್ಲ. ಮಗು ತಪ್ಪು ಮಾಡಿ, ಟೀಚರ್ ಎಲ್ಲಿ ತಪ್ಪಿತು ಅಂತ ಗುರುತು ಹಾಕಿ, ಮಗು ಮತ್ತೆ ಮಾಡಿದ ಗುರುತು ಇದ್ದರೆ ಅಲ್ಲಿ ಪಾಠ ನಡೆಯುತ್ತಿದೆ. ಬರೀ ಕೆಂಪು ಇಂಕಿನ ಸರಿ ಗುರುತು, ಬರೀ ಸಹಿ ಇದ್ದರೆ ಯಾರೂ ಓದಿಲ್ಲ.

ಕ್ಲಾಸಿನಲ್ಲಿ ಎಷ್ಟು ಮಕ್ಕಳು ಅನ್ನುವುದು ಚಿಕ್ಕ ತರಗತಿಗಳಲ್ಲಿ ನಿಜವಾಗಿಯೂ ಮುಖ್ಯ. ಅಮೆರಿಕದ ಟೆನೆಸೀ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ 'ಸ್ಟಾರ್' ಅನ್ನುವ ಪ್ರಯೋಗ ನಡೆಯಿತು. ಚೀಟಿ ಎತ್ತಿದ ಹಾಗೆ ಮಕ್ಕಳನ್ನು ಹಂಚಿ, ಕೆಲವರನ್ನು 13ರಿಂದ 17 ಮಕ್ಕಳ ಸಣ್ಣ ಕ್ಲಾಸಿಗೆ, ಕೆಲವರನ್ನು 22ರಿಂದ 25 ಮಕ್ಕಳ ಕ್ಲಾಸಿಗೆ ಹಾಕಿದರು. ಸಣ್ಣ ಕ್ಲಾಸಿನ ಮಕ್ಕಳು ಓದು ಮತ್ತು ಗಣಿತ ಎರಡರಲ್ಲೂ ಮುಂದೆ ಬಂದರು. ಆದ್ದರಿಂದ ಒಂದರಿಂದ ಮೂರನೇ ತರಗತಿಯ ತನಕ ಈ ಸಂಖ್ಯೆಗೆ ಜಾಸ್ತಿ ಬೆಲೆ ಕೊಡಿ. ಶಾಲೆಯ ಒಟ್ಟು ಟೀಚರ್‌ಗಳ ಲೆಕ್ಕ ಹೇಳಿದರೆ ಒಪ್ಪಬೇಡಿ, ನಿಮ್ಮ ಮಗು ಕೂರುವ ಕೋಣೆಯ ಲೆಕ್ಕ ಕೇಳಿ.

ಮುಖ್ಯೋಪಾಧ್ಯಾಯರ ಹತ್ತಿರ ಎರಡು ಪ್ರಶ್ನೆ ಸಾಕು. ಕಳೆದ ವರ್ಷ ಎಷ್ಟು ಟೀಚರ್‌ಗಳು ಬಿಟ್ಟು ಹೋದರು? ಒಂದು ಮಗು ಇನ್ನೊಂದನ್ನು ಪೀಡಿಸಿದಾಗ ಕೊನೆಯ ಸಲ ನೀವು ಏನು ಮಾಡಿದಿರಿ? 'ನಮ್ಮಲ್ಲಿ ಅಂಥದ್ದೆಲ್ಲ ಆಗುವುದೇ ಇಲ್ಲ' ಅಂದರೆ ಅವರಿಗೆ ಗೊತ್ತಾಗುತ್ತಿಲ್ಲ ಅಥವಾ ಹೇಳುತ್ತಿಲ್ಲ, ಎರಡೂ ಒಳ್ಳೆಯದಲ್ಲ. ಹೊಡೆಯುವ ಶಾಲೆ ಅಂತ ಗೊತ್ತಾದರೆ ಮುಂದಿನ ಹೆಜ್ಜೆಯೇ ಬೇಡ, ಎದ್ದು ಬನ್ನಿ.

ಸಾಧ್ಯವಾದರೆ ಎರಡನೇ ಸಲ ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿ. ನೀವು ನೋಡದ್ದನ್ನು ಅದು ನೋಡುತ್ತದೆ.

ಐದನೇ ಹೆಜ್ಜೆ: ದುಡ್ಡಿನ ಲೆಕ್ಕ ಕೊನೆಯ ವರ್ಷದ ತನಕ

ಮೊದಲ ವರ್ಷದ ಶುಲ್ಕವನ್ನಷ್ಟೇ ನೋಡಿ ನಿರ್ಧಾರ ಮಾಡಬೇಡಿ. ಕಳೆದ ಮೂರು ವರ್ಷ ಎಷ್ಟೆಷ್ಟು ಏರಿಸಿದರು ಅಂತ ಕೇಳಿ, ವಾಹನ, ಪುಸ್ತಕ, ಸಮವಸ್ತ್ರ, ಪ್ರವಾಸ ಎಲ್ಲ ಸೇರಿಸಿ, ಬರೆಸಿಕೊಳ್ಳಿ. ನಡುವೆ ಬಿಟ್ಟರೆ ಎಷ್ಟು ಹಣ ವಾಪಸ್ ಅನ್ನುವುದನ್ನೂ ಬರೆಸಿಕೊಳ್ಳಿ. ಶಾಲೆಗೇ ಎಲ್ಲ ಸುರಿದು ಕಾಲೇಜಿನ ಹೊತ್ತಿಗೆ ಕೈ ಖಾಲಿ ಮಾಡಿಕೊಂಡವರನ್ನು ಕಂಡಿದ್ದೇನೆ. ತುಂಬಾ ನೋವಾಗುತ್ತದೆ.

ಆರನೇ ಹೆಜ್ಜೆ: ಕಾಲೇಜಿಗೆ ಬಂದಾಗ

ಇಲ್ಲಿ ಕ್ರಮ ಬದಲಾಗುತ್ತದೆ. ಮೊದಲು ಕೋರ್ಸು, ಆಮೇಲೆ ಕಾಲೇಜು. ಮತ್ತೆ ಆರಿಸುವವರು ಮಕ್ಕಳು, ನಾವು ಜೊತೆಗೆ ಕೂತು ಕಾಗದ ಓದುವವರು. ಒಂದು ವಿಭಾಗದ ನಾಲ್ಕೂ ವರ್ಷದ ಸಿಲೆಬಸ್ ಮುಂದಿಟ್ಟುಕೊಂಡು, "ಇದರಲ್ಲಿ ಯಾವ ವಿಷಯ ಓದಲು ಆಸೆ ಆಗುತ್ತೆ?" ಅಂತ ಕೇಳಿ. ಒಂದೂ ಹೇಳಲಾಗದಿದ್ದರೆ ಆ ಕೋರ್ಸು ಅವರದ್ದಲ್ಲ, ಅದು ಯಾರೋ ಹೇಳಿದ್ದು.

ಮಾನ್ಯತೆಯನ್ನು ಎರಡು ಕಡೆ ನೋಡಬೇಕು. ಸಂಸ್ಥೆಗೆ ಇದೆಯಾ, ಮಗು ಸೇರುವ ಆ ಕೋರ್ಸಿಗೂ ಇದೆಯಾ? ಎರಡೂ ಬೇರೆ ಬೇರೆ. ಕಾಲೇಜಿನವರ ಮಾತು ಸಾಲದು, ಮಾನ್ಯತೆ ಕೊಡುವ ಸಂಸ್ಥೆಯ ಪಟ್ಟಿಯಲ್ಲೇ ಹೆಸರು ಹುಡುಕಿ, ಯಾವ ವರ್ಷದ ತನಕ ಅಂತಲೂ ನೋಡಿ. ಮುಂದೆ ಹೊರದೇಶಕ್ಕೆ ಹೋಗುವ ಯೋಚನೆ ಇರುವ ಎಂಜಿನಿಯರಿಂಗ್ ಮಕ್ಕಳು 1989ರ ವಾಷಿಂಗ್ಟನ್ ಒಪ್ಪಂದದ ಬಗ್ಗೆ ತಿಳಿದುಕೊಳ್ಳಬೇಕು. ಅದಕ್ಕೆ ಸಹಿ ಹಾಕಿದ ಸಂಸ್ಥೆಗಳು ಒಬ್ಬರು ಮಾನ್ಯ ಮಾಡಿದ ಪದವಿಯನ್ನು ಇನ್ನೊಬ್ಬರು ಒಪ್ಪುತ್ತಾರೆ.

ಪ್ಲೇಸ್‌ಮೆಂಟ್ ಅಂಕಿಗಳಲ್ಲಿ 'ಸರಾಸರಿ' ಅನ್ನುವ ಪದ ಕಂಡರೆ ನಿಲ್ಲಿ. ಹತ್ತು ಜನಕ್ಕೆ ಕೆಲಸ ಸಿಕ್ಕಿದೆ ಅಂದುಕೊಳ್ಳಿ. ಒಂಬತ್ತು ಜನಕ್ಕೆ ತಲಾ 3 ಸಾವಿರ, ಒಬ್ಬರಿಗೆ 33 ಸಾವಿರ. ಸರಾಸರಿ 6 ಸಾವಿರ ಬರುತ್ತದೆ, ಆದರೆ 6 ಸಾವಿರ ಒಬ್ಬರಿಗೂ ಸಿಕ್ಕಿಲ್ಲ. ಸಂಬಳಗಳನ್ನು ಸಾಲಾಗಿ ಬರೆದರೆ ನಟ್ಟನಡುವೆ ಬರುವ ಸಂಬಳ ಎಷ್ಟು ಅಂತ ಕೇಳಿ. ಕೆಲಸ ಸಿಗದವರನ್ನು ಲೆಕ್ಕದಿಂದ ಬಿಟ್ಟಿದ್ದಾರಾ ಅಂತಲೂ ಕೇಳಿ. ಹಿಂದಿನ ಬೆಂಚಿನ ಪ್ರಶ್ನೆಯೇ ಇದು, ಕಾಲೇಜಿನಲ್ಲಿ ಬೇರೆ ರೂಪದಲ್ಲಿ ಬರುತ್ತದೆ.

ರ್‍ಯಾಂಕಿಂಗ್ ಪಟ್ಟಿಗಳನ್ನು ನೋಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಎಷ್ಟೋ ಪಟ್ಟಿಗಳು ಕಾಲೇಜುಗಳೇ ಕೊಟ್ಟ ಅಂಕಿಅಂಶಗಳ ಮೇಲೆ ನಿಂತಿರುತ್ತವೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಅಲ್ಲಿನ ಒಂದು ಹೆಸರಾಂತ ಪಟ್ಟಿಯಲ್ಲಿ 2ನೇ ಸ್ಥಾನದಲ್ಲಿತ್ತು. 2022ರಲ್ಲಿ ಅದೇ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಮೈಕೆಲ್ ಥ್ಯಾಡಿಯಸ್ ಅಂಕಿಗಳು ಸರಿಯಿಲ್ಲ ಅಂತ ಬಿಡಿಸಿ ತೋರಿಸಿದರು. ಕೆಲವು ತಪ್ಪಿದ್ದವು ಅಂತ ವಿಶ್ವವಿದ್ಯಾಲಯ ಒಪ್ಪಿಕೊಂಡಿತು, ಸ್ಥಾನ 18ಕ್ಕೆ ಇಳಿಯಿತು. ಕ್ಲಾಸುಗಳು, ಪಾಠ ಮಾಡುವವರು, ಮಕ್ಕಳು ಒಂದೇ ವರ್ಷದಲ್ಲಿ ಬದಲಾಗಿರಲಿಲ್ಲ.

ದೊಡ್ಡ ಹೆಸರಿನ ಕಾಲೇಜು ಸಿಗಲಿಲ್ಲ ಅಂತ ಕೊರಗುವ ಮನೆಗಳಿಗೆ ಇನ್ನೊಂದು ಸಂಗತಿ. ಅಮೆರಿಕದ ಸಂಶೋಧಕರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೀಟು ಸಿಗಲು ಕಷ್ಟವಾದ ಕಾಲೇಜಿಗೆ ಹೋದವರನ್ನೂ, ಅಂಥದ್ದೇ ಕಾಲೇಜುಗಳಲ್ಲಿ ಸೀಟು ಸಿಕ್ಕಿದ್ದರೂ ಬೇರೆ ಕಡೆ ಓದಿದವರನ್ನೂ ಹೋಲಿಸಿದರು. ಮುಂದೆ ಇಬ್ಬರ ಗಳಿಕೆಯೂ ಹೆಚ್ಚು ಕಡಿಮೆ ಒಂದೇ ಇತ್ತು. ಬಡ ಮನೆಯಿಂದ ಬಂದ ಮಕ್ಕಳಿಗೆ ಮಾತ್ರ ಅಂಥ ಕಾಲೇಜಿನಿಂದ ಲಾಭವಾಗಿತ್ತು. ಹಾಗಾಗಿ ಮನೆಯಲ್ಲಿ ಅನುಕೂಲ ಕಡಿಮೆ ಇರುವ ಜಾಣ ಮಗು ಅಂಥ ಕಡೆ ಹೋಗಲು ಹಿಂಜರಿದರೆ ದಯವಿಟ್ಟು ಧೈರ್ಯ ತುಂಬಿ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಸಿ.

ಏಳನೇ ಹೆಜ್ಜೆ: ಆದ್ಯತೆ ಪಟ್ಟಿ ತುಂಬುವಾಗ

ಇಷ್ಟವಾದ ಕಾಲೇಜನ್ನು ಮೊದಲು ಬರೆಯಬೇಕಾ, ಸಿಗುವುದನ್ನು ಬರೆಯಬೇಕಾ? ಇದು ಹಂಚುವ ನಿಯಮದ ಮೇಲೆ ನಿಂತಿದೆ. ಗಣಿತಜ್ಞರಾದ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲಿ ಒಂದು ವಿಧಾನ ತೋರಿಸಿಕೊಟ್ಟರು. ಅದರಲ್ಲಿ ಯಾವ ಸೀಟೂ ಕೊನೆಯ ತನಕ ಪಕ್ಕಾ ಆಗುವುದಿಲ್ಲ. ನಿಮ್ಮ ಮೊದಲ ಆಯ್ಕೆ ತಪ್ಪಿದರೂ ಎರಡನೆಯದಕ್ಕೆ ನಿಮ್ಮ ಅರ್ಹತೆ ಹಾಗೇ ಇರುತ್ತದೆ, ಆದ್ದರಿಂದ ನಿಜವಾದ ಇಷ್ಟದ ಕ್ರಮದಲ್ಲೇ ಬರೆಯಬಹುದು. ಇನ್ನೊಂದು ಬಗೆಯಲ್ಲಿ ಮೊದಲ ಆಯ್ಕೆಯಾಗಿ ಬರೆದವರಿಗೆ ಆಗಲೇ ಸೀಟು ಪಕ್ಕಾ ಮಾಡಿಬಿಡುತ್ತಾರೆ. ಅಲ್ಲಿ ಮೊದಲನೆಯದು ತಪ್ಪಿದರೆ ಎರಡನೆಯದು ಆಗಲೇ ತುಂಬಿರಬಹುದು. ಅಮೆರಿಕದ ಬಾಸ್ಟನ್ ನಗರದ ಶಾಲೆಗಳು ಈ ಬಗೆಯನ್ನು 2005ರಲ್ಲಿ ಕೈಬಿಟ್ಟು ಗೇಲ್-ಶಾಪ್ಲಿ ವಿಧಾನಕ್ಕೆ ಬಂದವು. ನಿಮ್ಮ ಕಡೆ ಯಾವುದು ಅಂತ ಪಟ್ಟಿ ತುಂಬುವ ಮೊದಲೇ ಕೇಳಿ. ಎರಡನೇ ಬಗೆಯಾದರೆ ಮೊದಲ ಸ್ಥಾನದಲ್ಲಿ ಸಿಗುವ ಸಾಧ್ಯತೆ ಇರುವುದನ್ನೇ ಬರೆಯುವುದು ಕ್ಷೇಮ.

ಸೇರಿಸಿದ ಮೇಲೆ

ಮೊದಲ ತಿಂಗಳು ಎಲ್ಲ ಮಕ್ಕಳಿಗೂ ಕಷ್ಟವೇ, ಅದನ್ನು ನೋಡಿ ಗಾಬರಿಯಾಗಬೇಡಿ. ಮೂರು ತಿಂಗಳಾದ ಮೇಲೆ ನೋಟ್‌ಬುಕ್ ತೆರೆಯಿರಿ. "ಇವತ್ತು ಏನು ಕಲಿತೆ?" ಅಂದರೆ 'ಏನಿಲ್ಲ' ಅಂತಾರೆ, ಅಲ್ವಾ? ಅದರ ಬದಲು "ಇವತ್ತು ಯಾರಿಗೆ ಏನು ಅರ್ಥ ಆಗಲಿಲ್ಲ, ಟೀಚರ್ ಏನು ಮಾಡಿದ್ರು?" ಅಂತ ಕೇಳಿ. ಉತ್ತರ ಸರಿ ಅನ್ನಿಸದಿದ್ದರೆ ಮೊದಲು ಟೀಚರ್ ಜೊತೆ ಮಾತಾಡಿ, ಇನ್ನೊಂದು ಅವಧಿ ಕಾಯಿರಿ. ಆಗಲೂ ಹಾಗೇ ಇದ್ದರೆ ಬದಲಿಸಿ, ಆದಷ್ಟು ವರ್ಷದ ಕೊನೆಯಲ್ಲಿ. ಹೊಸ ಕಡೆ ಸೀಟು ಖಾತ್ರಿ ಆಗುವ ತನಕ ಹಳೆಯ ಕಡೆಯಿಂದ ವರ್ಗಾವಣೆ ಪತ್ರ ತೆಗೆಯಬೇಡಿ. ನನ್ನ ಮಗಳನ್ನು ನಾನು ಬದಲಿಸಿದ್ದು ಒಂದು ವರ್ಷ ತಡವಾಗಿ, ಯಾರು ಏನಂದುಕೊಳ್ಳುತ್ತಾರೋ ಅಂತ. ಹೊಸ ಶಾಲೆಯ ಮೊದಲ ಗಣಿತ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು 41. ಅಷ್ಟೂ ಅಂಕದ ಲೆಕ್ಕ ಅವಳೇ ಮಾಡಿದ್ದಳು.