ಮೈಸೂರಿನಿಂದ ಲಂಡನ್‌ಗೆ: ದೂರ ಮತ್ತು ಸಮಯವನ್ನು ನಾನು ಲೆಕ್ಕ ಹಾಕುವ ಬಗೆ

ಮೈಸೂರಿನಿಂದ ಲಂಡನ್ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಾನು ಲೆಕ್ಕ ಶುರು ಮಾಡುವುದು ದೇವನಹಳ್ಳಿಯಿಂದ. ಮೈಸೂರಿನದೇ ಮಂಡಕಳ್ಳಿ ವಿಮಾನ ನಿಲ್ದಾಣದ 1,740 ಮೀಟರ್ ರನ್‌ವೇ ಎಟಿಆರ್‌ನಂಥ ಸಣ್ಣ ವಿಮಾನಕ್ಕೆ ಸಾಕು, ಲಂಡನ್‌ಗೆ ಹೋಗುವ ದೊಡ್ಡ ವಿಮಾನಕ್ಕೆ ಸಾಲದು. ಹಾಗಾಗಿ ದೇವನಹಳ್ಳಿಯಲ್ಲಿರುವ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಅಕ್ಷಾಂಶ, ರೇಖಾಂಶವನ್ನೇ ಹಿಡಿಯಬೇಕು: 13.20 ಉತ್ತರ, 77.71 ಪೂರ್ವ. ಲಂಡನ್‌ನ ಹೀಥ್ರೂ ನಿಲ್ದಾಣ 51.47 ಉತ್ತರ, 0.45 ಪಶ್ಚಿಮ.

ಭೂಪಟದ ಮೇಲೆ ಸ್ಕೇಲ್ ಇಟ್ಟರೆ ತಪ್ಪು ದೂರ ಬರುತ್ತದೆ. ಭೂಮಿಯ ಬಾಗು ಅದರಲ್ಲಿ ಸಿಗುವುದಿಲ್ಲ. ಮೊಬೈಲ್‌ನ ಸೈಂಟಿಫಿಕ್ ಕ್ಯಾಲ್ಕುಲೇಟರ್ ಸಾಕು. ಎರಡು ಅಕ್ಷಾಂಶಗಳ ಸೈನ್ (sin) ಗುಣಿಸಿದರೆ 0.1786. ಅವೇ ಅಕ್ಷಾಂಶಗಳ ಕಾಸ್ (cos) ಗುಣಿಸಿ, ಬಂದದ್ದನ್ನು ರೇಖಾಂಶಗಳ ಅಂತರದ (78.16) ಕಾಸ್‌ನಿಂದ ಗುಣಿಸಿದರೆ 0.1244. ಕೂಡಿದರೆ 0.3030. ಇದರ ಕಾಸ್ ಇನ್‌ವರ್ಸ್ (cos⁻¹) 72.36 ಡಿಗ್ರಿ. ಡಿಗ್ರಿಗೆ 111.2 ಕಿ.ಮೀ.ಯಂತೆ 8,046 ಕಿ.ಮೀ.

ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿದ್ದರೆ ಉತ್ತರ ಪೂರ್ತಿ ಕೆಡುತ್ತದೆ. ಪಶ್ಚಿಮದ ರೇಖಾಂಶಕ್ಕೆ ಮೈನಸ್ ಹಾಕಲೇಬೇಕು. ಮರೆತರೆ ಲಂಡನ್‌ನಲ್ಲಿ ಅರವತ್ತು ಕಿ.ಮೀ.ಯಷ್ಟೇ ವ್ಯತ್ಯಾಸ, ಆದರೆ ನ್ಯೂಯಾರ್ಕ್‌ಗೆ 151 ಡಿಗ್ರಿಯ ಅಂತರ 4 ಡಿಗ್ರಿಗೆ ಇಳಿದುಬಿಡುತ್ತದೆ.

ಗಂಟೆಗೆ 900 ಕಿ.ಮೀ. ಎಂದರೆ ಒಂಬತ್ತು ಗಂಟೆ. ನೇರ ವಿಮಾನ ಮಾತ್ರ ಹತ್ತೂವರೆಯಿಂದ ಹನ್ನೊಂದು ಗಂಟೆ ತೆಗೆದುಕೊಳ್ಳುತ್ತದೆ. ಈ ಹೆಚ್ಚುವರಿಯಲ್ಲಿ ರನ್‌ವೇವರೆಗಿನ ಓಟ, ಏರುವುದು, ಇಳಿಯುವುದು ಸೇರಿ ಅರ್ಧ ಮುಕ್ಕಾಲು ಗಂಟೆ. ಉಳಿದದ್ದು ಗಾಳಿ ಮತ್ತು ಸುತ್ತು. ಆ 8,046ರ ಗೆರೆಯನ್ನು ಗ್ಲೋಬ್ ಮೇಲೆ ದಾರ ಎಳೆದು ನೋಡಿ: ಕರಾಚಿ, ಇರಾನ್, ಕ್ಯಾಸ್ಪಿಯನ್ ಸಮುದ್ರದ ನೈಋತ್ಯ ದಡ, ಕಪ್ಪು ಸಮುದ್ರ, ದಕ್ಷಿಣ ಉಕ್ರೇನ್. ಉಕ್ರೇನಿನ ಆಕಾಶ 2022ರ ಫೆಬ್ರವರಿಯಲ್ಲಿ ನಾಗರಿಕ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವೂ ಭಾರತದ ವಿಮಾನ ಸಂಸ್ಥೆಗಳಿಗೆ ತನ್ನ ಆಕಾಶ ಮುಚ್ಚಿತು. ಆದ್ದರಿಂದ ಕ್ಯಾಲ್ಕುಲೇಟರ್ ಕೊಡುವುದು ಕನಿಷ್ಠ ದೂರ. ವಿಮಾನ ಅದಕ್ಕಿಂತ ಹೆಚ್ಚೇ ಹಾರುತ್ತದೆ. ಜೊತೆಗೆ ಹತ್ತು ಹನ್ನೆರಡು ಕಿ.ಮೀ. ಎತ್ತರದ ಜೆಟ್ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ವಾಪಸ್ ಪ್ರಯಾಣ ಮುಕ್ಕಾಲು ಒಂದು ಗಂಟೆ ಕಡಿಮೆಯಾಗುವುದು ಇದರಿಂದಲೇ.

ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರ. ಮಧ್ಯಾಹ್ನ 1:30ಕ್ಕೆ ಹೊರಟು ಸಂಜೆ 6:50ಕ್ಕೆ ಇಳಿಯುತ್ತದೆ ಎಂದಿದ್ದರೆ ಲಂಡನ್ ಗಡಿಯಾರ ನಮಗಿಂತ ಹಿಂದಿರುವುದರಿಂದ ಚಳಿಗಾಲದಲ್ಲಿ ಐದೂವರೆ ಗಂಟೆ ಸೇರಿಸಿ: 10 ಗಂಟೆ 50 ನಿಮಿಷ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವುದರಿಂದ ನಾಲ್ಕೂವರೆ ಗಂಟೆ ಸೇರಿಸಿದರೆ ಸಾಕು. ವಾಪಸ್ ಟಿಕೆಟ್‌ಗೆ ಇದನ್ನೇ ಕಳೆಯಬೇಕು.

ಮನೆಯ ಲೆಕ್ಕ ಬೇರೆ. ಮೈಸೂರಿನಿಂದ ದೇವನಹಳ್ಳಿ ಸುಮಾರು 185 ಕಿ.ಮೀ. ಕೆಂಗೇರಿವರೆಗೆ ಎಕ್ಸ್‌ಪ್ರೆಸ್‌ವೇ ಮೇಲೆ ಸಲೀಸು; ಅಲ್ಲಿಂದ ಹೆಬ್ಬಾಳ ದಾಟುವುದರಲ್ಲೇ ಅಂದಾಜು ತಪ್ಪುವುದು. ವಿಮಾನ ನಿಲ್ದಾಣಕ್ಕೆ ಹೋಗುವ ಕೆಎಸ್‌ಆರ್‌ಟಿಸಿ ಫ್ಲೈಬಸ್‌ಗಾಗಲಿ ಕಾರಿಗಾಗಲಿ ನಾಲ್ಕೂವರೆ ಗಂಟೆ ಇಟ್ಟುಕೊಳ್ಳುತ್ತೇನೆ, ಸಂಜೆ ಹೊತ್ತಾದರೆ ಐದೂವರೆ. ನಿಲ್ದಾಣದಲ್ಲಿ ಮೂರು ಗಂಟೆ, ಹೀಥ್ರೂನಲ್ಲಿ ಇಮಿಗ್ರೇಷನ್, ಲಗೇಜ್ ಸೇರಿ ಒಂದೂವರೆ. 1:30ರ ವಿಮಾನಕ್ಕೆ ಬೆಳಗ್ಗೆ 6ಕ್ಕೆ ಮನೆ ಬಿಟ್ಟರೆ ಹೀಥ್ರೂ ಬಾಗಿಲು ದಾಟುವ ಹೊತ್ತಿಗೆ ಮೈಸೂರಿನಲ್ಲಿ ನಡುರಾತ್ರಿ 2 ಗಂಟೆ ಹತ್ತಿರ.